ಉರಿ ನಿಂತಿತು ಅಂತ ಖುಷಿಪಟ್ಟಿದ್ದೆ

ಶುಗರ್ ಕಾಯಿಲೆಯಿಂದ ನರಕ್ಕೆ ಪೆಟ್ಟಾಗಿ ಬಂದ ಅಂಗಾಲಿನ ಉರಿ ಎರಡು ವರ್ಷ ನನ್ನ ರಾತ್ರಿಗಳನ್ನು ತಿಂದುಹಾಕಿತ್ತು. ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಪಾದಗಳನ್ನು ಹೊದಿಕೆಯಿಂದ ಹೊರಗಿಟ್ಟೇ ಮಲಗುತ್ತಿದ್ದೆ. ಆಮೇಲೆ ಉರಿ ತಾನಾಗಿಯೇ ಇಳಿಯಿತು. ನರ ವಾಸಿಯಾಗುತ್ತಿದೆ ಅಂದುಕೊಂಡೆ.

ಒಂದು ಸಂಜೆ ಶೂ ಬಿಚ್ಚಿದಾಗ ಒಳಗಿಂದ ಅಂಗಿಯ ಗುಂಡಿಯೊಂದು ಬಿತ್ತು. ಬೆಳಗ್ಗೆಯಿಂದ ಅದರ ಮೇಲೇ ಓಡಾಡಿದ್ದೆ. ಹೆಬ್ಬೆರಳಿನ ಬುಡದಲ್ಲಿ ಗುಂಡಿಯಷ್ಟೇ ದುಂಡನೆಯ ಗುರುತು, ಅದರ ಅಂಚಿನಲ್ಲಿ ಚರ್ಮ ಸುಲಿದಿತ್ತು. ಕಾಲುಚೀಲಕ್ಕೆ ರಕ್ತ ಅಂಟಿತ್ತು. ನೋವು ಮಾತ್ರ ಒಂಚೂರೂ ಇರಲಿಲ್ಲ.

ಡಾಕ್ಟರು ಟ್ಯೂನಿಂಗ್ ಫೋರ್ಕ್ (ಬಡಿದರೆ ಅದುರುವ ಲೋಹದ ಕವಲು ಕಡ್ಡಿ) ಬಡಿದು ನನ್ನ ಹೆಬ್ಬೆರಳಿನ ಮೂಳೆಯ ಮೇಲಿಟ್ಟರು. "ಅದುರೋದು ನಿಂತ ತಕ್ಷಣ ಹೇಳಿ" ಅಂದರು. "ಆಗಲೇ ನಿಂತಿದೆ ಡಾಕ್ಟ್ರೇ" ಅಂದೆ. ಅದನ್ನೇ ಎತ್ತಿ ನನ್ನ ಕೈಬೆರಳಿನ ಗೆಣ್ಣಿಗೆ ಮುಟ್ಟಿಸಿದರು. ಇನ್ನೂ ಗುಂಯ್ ಅಂತಿತ್ತು. ಎದೆ ಧಸಕ್ಕೆಂದಿತು.

ಪಾದದ ತುದಿಗೆ ಹೋಗುವ ನರಗಳು ಮೈಯಲ್ಲೇ ಎಲ್ಲಕ್ಕಿಂತ ಉದ್ದ. ಹಾಗಾಗಿ ತೊಂದರೆ ಶುರುವಾಗುವುದೂ ಕಾಲ್ಬೆರಳಿನಿಂದಲೇ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಕ್ಕೂ ಪೆಟ್ಟು, ಅದಕ್ಕೆ ರಕ್ತ ತರುವ ಕೂದಲೆಳೆಯಂಥ ನಾಳಗಳಿಗೂ ಪೆಟ್ಟು. ಪೆಟ್ಟು ತಿಂದ ನರ ಸುಮ್ನೆ ಕೂರುವುದಿಲ್ಲ, ಅಲ್ವಾ? ಏನೂ ತಾಗದಿದ್ದರೂ ಉರಿ, ಚುಚ್ಚು ಅಂತ ಕೂಗುತ್ತದೆ. ಪೂರ್ತಿ ಸೋತ ಮೇಲೆ ಕೂಗೂ ನಿಲ್ಲುತ್ತದೆ. ನಾನು ಖುಷಿಪಟ್ಟಿದ್ದು ಆ ಮೌನಕ್ಕೆ.

ನಾನು ಶುಗರ್ ಒಂದನ್ನೇ ನೋಡುತ್ತಿದ್ದೆ, ಅದೂ ತಪ್ಪು. ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು, ಸೊಂಟದ ಸುತ್ತಿನ ಬೊಜ್ಜು, ಬಿಪಿ ಇವೂ ನರವನ್ನು ಹಾಳುಮಾಡುವುದರಲ್ಲಿ ಪಾಲುದಾರರು. ನನ್ನಂಥ ಟೈಪ್ 2 ಶುಗರ್ ಕಾಯಿಲೆ ಇರುವವರಿಗೆ ಶುಗರ್ ಇಳಿಸಿದರಷ್ಟೇ ಸಾಲದು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತುಂಬಾ ವರ್ಷ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಅದರಿಂದಲೂ ಕಾಲು ಜೋಮು ಹಿಡಿಯುತ್ತದೆ. ದಯವಿಟ್ಟು ಅದನ್ನೊಮ್ಮೆ ಪರೀಕ್ಷೆ ಮಾಡಿಸಿ. ಪ್ರಿಗಾಬಲಿನ್, ಡುಲಾಕ್ಸೆಟಿನ್ ಥರದ ಮಾತ್ರೆ ಉರಿ ತಗ್ಗಿಸುತ್ತವೆ, ನರವನ್ನು ರಿಪೇರಿ ಮಾಡುವುದಿಲ್ಲ.

ಈಗ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವುತ್ತೇನೆ, ಒಳಗೆ ಕೈಹಾಕಿ ಸವರುತ್ತೇನೆ. ರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು, ಬೆರಳ ಸಂದು ಎಲ್ಲಾ ನೋಡಿಕೊಳ್ಳುತ್ತೇನೆ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತೇನೆ, ಪಾದವನ್ನು ನಂಬುವ ಹಾಗಿಲ್ಲ.

ಆ ಗುಂಡಿಯ ಗಾಯ ಮಾಯಲು ಏಳು ವಾರ ಹಿಡಿಯಿತು.