ಡ್ರ್ಯಾಗನ್ ಸತ್ತ ಮೇಲೆ ಶುರುವಾಗುವ ದುರಾಸೆ

ಟೋಲ್ಕಿನ್ ಅವರ 'ದ ಹಾಬಿಟ್' ಎಂಬ ಕಾಲ್ಪನಿಕ ಕಾದಂಬರಿ ಬಂದದ್ದು 1937ರಲ್ಲಿ. ದುರಾಸೆ ಅಂದ ಕೂಡಲೇ ಎಲ್ಲರೂ ಬೊಟ್ಟು ಮಾಡುವುದು ಸ್ಮಾಗ್ ಎಂಬ ಡ್ರ್ಯಾಗನ್ ಕಡೆಗೆ. ನನಗೆ ಅದು ಅಷ್ಟೇನೂ ಕುತೂಹಲ ಹುಟ್ಟಿಸುವುದಿಲ್ಲ. ನಿಧಿ ಕಾಯುವ ಸರ್ಪದ ಕಥೆ ಕೇಳಿ ಬೆಳೆದವರಿಗೆ ಚಿನ್ನದ ರಾಶಿ ಮೇಲೆ ಮಲಗುವ ಪ್ರಾಣಿ ಹೊಸದಲ್ಲ. ನಿಧಿ ವಾಪಸ್ ಪಡೆಯಲು ಹೊರಟ ಕುಬ್ಜರ ತಂಡ ಕಳ್ಳನ ಕೆಲಸಕ್ಕೆ ಕರೆತಂದ ಬಿಲ್ಬೋ ಎಂಬ ಹಾಬಿಟ್ (ಗಿಡ್ಡ ಜನಾಂಗದವನು, ಕಥೆಯ ನಾಯಕ) ಒಂದೇ ಒಂದು ಬಟ್ಟಲು ಕದ್ದಿದ್ದಕ್ಕೆ ಅದು ಬೆಂಕಿಯುಗುಳಿ ಕುಣಿಯುತ್ತದೆ. ಆ ಬಟ್ಟಲಲ್ಲಿ ದಿನಾ ಕಾಫಿ ಕುಡಿಯುತ್ತಿತ್ತಾ ಏನು?

ನಿಜವಾದ ಕಥೆ ಇರುವುದು ಆ ಕುಬ್ಜರ ನಾಯಕ ಥೋರಿನ್ ಹತ್ತಿರ. ಅವನ ತೊಂದರೆ ಏನಂದ್ರೆ ಅವನು ಹೇಳುವುದು ಸರಿ. ಡ್ರ್ಯಾಗನ್ ಮಲಗಿದ್ದ ಬೆಟ್ಟ ಅವನ ಅಜ್ಜನ ರಾಜ್ಯ, ಸ್ಮಾಗ್ ಕಿತ್ತುಕೊಂಡ ಮನೆತನದ ಆಸ್ತಿ. ಆದರೆ ಡ್ರ್ಯಾಗನ್ನನ್ನು ಕೊಂದವನು ಹತ್ತಿರದ ಸರೋವರದ ಊರಿನ ಬಿಲ್ಲುಗಾರ ಬಾರ್ಡ್. ಅದು ಸಾಯುವ ಮೊದಲು ಸುಟ್ಟಿದ್ದು ಬಾರ್ಡ್‌ನ ಊರನ್ನು, ಮೇಲಾಗಿ ಆ ರಾಶಿಯಲ್ಲಿ ಅವನ ಪೂರ್ವಜರ ಒಡವೆಗಳೂ ಸೇರಿವೆ. ಮನೆ ಕಳೆದುಕೊಂಡ ಜನ ಚಳಿಯಲ್ಲಿ ಕೂತಿರುವಾಗ ಥೋರಿನ್ ಹೇಳುವುದು, ಸೈನ್ಯ ತಂದು ಬಾಗಿಲಲ್ಲಿ ನಿಂತವರಿಗೆ ಏನೂ ಕೊಡುವುದಿಲ್ಲ ಅಂತ. ಸ್ವಾಭಿಮಾನದ ಮಾತೇ ಅಲ್ವಾ? ಪಾಲು ವಿಭಾಗದ ಜಗಳ ನೋಡಿದವರಿಗೆ ಈ ದನಿ ಚೆನ್ನಾಗಿ ಗೊತ್ತಿರುತ್ತದೆ.

ಬಿಲ್ಬೋನೂ ಸಾಚಾ ಅಲ್ಲ, ಅದೇ ನನಗೆ ಇಷ್ಟ. ಥೋರಿನ್ ಹುಡುಕಿ ಹುಡುಕಿ ಸುಸ್ತಾದ ಆರ್ಕೆನ್‌ಸ್ಟೋನ್ ಎಂಬ ರತ್ನ ಮೊದಲು ಸಿಕ್ಕಿದ್ದು ಇವನಿಗೆ, ಒಪ್ಪಂದದ ಪ್ರಕಾರ ಹದಿನಾಲ್ಕನೇ ಒಂದು ಪಾಲು ನನ್ನದು ತಾನೇ, ಅದು ಇದೇ ಆಗಲಿ ಅಂತ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಾನೆ. ವ್ಯತ್ಯಾಸ ಇಷ್ಟೇ, ಯುದ್ಧ ತಪ್ಪಲಿ ಅಂತ ಕೊನೆಗೆ ಅದನ್ನು ಎದುರಾಳಿಗಳ ಕೈಗೇ ಕೊಟ್ಟುಬಿಡುತ್ತಾನೆ. ಯುದ್ಧ ತಪ್ಪುವುದಿಲ್ಲ, ಅದು ಬೇರೆ ಮಾತು. ಥೋರಿನ್ ಸಾಯುತ್ತಾನೆ, ಆ ರತ್ನವನ್ನು ಅವನ ಎದೆಯ ಮೇಲಿಟ್ಟೇ ಹೂಳುತ್ತಾರೆ.

ಇಷ್ಟೆಲ್ಲ ಮುಗಿಸಿ, ಆ ರಾಶಿಯಿಂದ ಎರಡು ಸಣ್ಣ ಪೆಟ್ಟಿಗೆ ತುಂಬ ಚಿನ್ನ ಬೆಳ್ಳಿಯಷ್ಟೇ ತಗೊಂಡು ಬಿಲ್ಬೋ ಮನೆಗೆ ಬಂದರೆ, ಇವನು ಸತ್ತೇಹೋದ ಅಂದುಕೊಂಡು ಊರವರು ಅವನ ಸಾಮಾನೆಲ್ಲ ಹರಾಜಿಗಿಟ್ಟಿರುತ್ತಾರೆ! ಮನೆಗೇ ಬಂದು ಸೇರಿಕೊಳ್ಳಲು ನೆಂಟರು ಆಗಲೇ ಕೋಣೆಗಳ ಅಳತೆ ತೆಗೆಯುತ್ತಿರುತ್ತಾರೆ. ಪಾಪ, ತನ್ನದೇ ಕುರ್ಚಿ ಮೇಜುಗಳನ್ನು ದುಡ್ಡು ಕೊಟ್ಟು ವಾಪಸ್ ತಗೊಳ್ಳಬೇಕಾಗುತ್ತದೆ. ಬೆಳ್ಳಿ ಚಮಚಗಳಂತೂ ಎಷ್ಟೋ ಸಿಗಲೇ ಇಲ್ಲ. ಅನುಮಾನ ಯಾರ ಮೇಲೆ ಅಂತ ಬೇರೆ ಹೇಳಬೇಕಾ, ಅದೇ ನೆಂಟರ ಮೇಲೆ.