ತಪ್ಪಾಯ್ತು ಅನ್ನುವ ಮಾತು

ಹಾಸ್ಟೆಲ್ ವಾರ್ಡನ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹುಡುಗರ ನಡುವೆ ಹೊಡೆದಾಟವಾದರೆ, ಯಾರನ್ನಾದರೂ ಹೆಣ್ಣಿಗ ಎಂದು ಹೀಯಾಳಿಸಿ ಮೂಲೆಗೆ ತಳ್ಳಿದರೆ ಏನು ಮಾಡಬೇಕು ಎಂಬುದನ್ನು ಎರಡು ದಿನ ಕೂತು ಮಾತಾಡುತ್ತೇವೆ. ಒಂದು ತಂಡಕ್ಕೆ 'ಫೇಸಿಂಗ್ ಫಿಯರ್' ಎಂಬ ಕಿರು ಸಾಕ್ಷ್ಯಚಿತ್ರ ತೋರಿಸೋಣ ಅನ್ನಿಸಿತು. ಜೇಸನ್ ಕೋಹೆನ್ ನಿರ್ದೇಶಿಸಿದ 2013ರ ಚಿತ್ರ ಅದು, ಆಸ್ಕರ್‌ಗೂ ನಾಮನಿರ್ದೇಶನಗೊಂಡಿತ್ತು. ಇಂಗ್ಲಿಷ್ ಕಷ್ಟವಾಗುವವರಿಗಾಗಿ ಒಂದು ಪುಟದ ಕನ್ನಡ ಪರಿಚಯ ಬರೆದೆ.

ಕತೆ ಇಷ್ಟು. ಮ್ಯಾಥ್ಯೂ ಬೋಗರ್‌ಗೆ 13 ವರ್ಷವಿದ್ದಾಗ, ಗೇ ಎಂಬ ಕಾರಣಕ್ಕೆ ಅವನನ್ನು ಮನೆಯಿಂದ ಹೊರಹಾಕುತ್ತಾರೆ. ಹಾಲಿವುಡ್‌ನ ಬೀದಿಗಳಲ್ಲಿ ಮಲಗಿ ಬದುಕುತ್ತಿದ್ದಾಗ ಹಿಟ್ಲರನ ಜನಾಂಗದ್ವೇಷವನ್ನೇ ನೆಚ್ಚಿಕೊಂಡ ನವ-ನಾಜಿ ಹುಡುಗರ ಗುಂಪೊಂದು ಒಂದು ಓಣಿಯಲ್ಲಿ ಅವನನ್ನು ಸಾಯುವಂತೆ ಹೊಡೆಯುತ್ತದೆ. ಹೇಗೋ ಬದುಕುಳಿಯುತ್ತಾನೆ. 25 ವರ್ಷಗಳ ನಂತರ ಬೋಗರ್ ಲಾಸ್ ಏಂಜಲೀಸ್‌ನ ಮ್ಯೂಸಿಯಂ ಆಫ್ ಟಾಲರೆನ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ದ್ವೇಷದ ಗುಂಪು ಬಿಟ್ಟು ಬಂದ ಟಿಮ್ ಜಾಲ್ ಎಂಬುವರು ಅಲ್ಲಿಗೆ ಭಾಷಣ ಮಾಡಲು ಬರುತ್ತಾರೆ. ಹಳೆಯ ದಿನಗಳ, ಹಳೆಯ ಜಾಗಗಳ ಮಾತು ಬಂದಾಗ ಇಬ್ಬರಿಗೂ ಹೊಳೆಯುತ್ತದೆ: ಆ ರಾತ್ರಿ ಆ ಓಣಿಯಲ್ಲಿ ಇವನು ಬಿದ್ದಿದ್ದ, ಅವನು ಒದ್ದಿದ್ದ.

ನನ್ನ ಪರಿಚಯದ ಪುಟ ಓದಿದ ಸಹೋದ್ಯೋಗಿಯೊಬ್ಬರು ಪೆನ್ನಿನಿಂದ ಒಂದು ಪದಕ್ಕೆ ಸುತ್ತು ಹಾಕಿದರು. ಅವರೂ ಗೇ, ತಂಡದಲ್ಲಿ ಎಲ್ಲರಿಗೂ ಗೊತ್ತು. ನಾನು ಬರೆದಿದ್ದು, 'ಒಂದು ಗಲಾಟೆಯಲ್ಲಿ ಮ್ಯಾಥ್ಯೂಗೆ ತೀವ್ರ ಪೆಟ್ಟಾಯಿತು.' ಅವರು ಕೇಳಿದರು, "ಗಲಾಟೆ ಅಂದ್ರೆ ಇಬ್ಬರೂ ಕೈ ಮಾಡಿರಬೇಕು. ಆ ಹುಡುಗ ಏನು ಮಾಡಿದ್ದ?"

ನನಗೆ ಮಾತೇ ಹೊರಡಲಿಲ್ಲ. ಪುಟವನ್ನು ಮತ್ತೆ ಓದಿದೆ. ಗಲಾಟೆ ಆಯಿತು, ಪೆಟ್ಟಾಯಿತು, ತಪ್ಪಾಯಿತು, ಕೊನೆಗೆ ಒಂದಾದರು. ಇಡೀ ಪುಟದಲ್ಲಿ ಹೊಡೆದವರೇ ಇಲ್ಲ. ಎಲ್ಲವೂ ಮಳೆ ಬಂದ ಹಾಗೆ ತಾನಾಗಿ ಆಗಿಬಿಟ್ಟಿದೆ. ನಾವು ದಿನಾ ಆಡುವ ಮಾತೇ ಹಾಗೆ. ಕಾಲು ತುಳಿದರೂ "ತಪ್ಪಾಯ್ತು", ಬದುಕು ತುಳಿದರೂ "ತಪ್ಪಾಯ್ತು". ಊರ ಕಟ್ಟೆಯ ಮೇಲೆ "ಆಗಿದ್ದು ಆಗ್ಹೋಯ್ತು" ಎಂದು ಹಿರಿಯರು ಕೈಕೈ ಕೂಡಿಸುವಾಗ, ಪೆಟ್ಟು ತಿಂದವನ ಮುಖವನ್ನು ಯಾರೂ ನೋಡುವುದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್‌ನ ಹಿಡಿತದಿಂದ ವಯಸ್ಕರ ಸಮ್ಮತಿಯ ಪ್ರೀತಿಯನ್ನು ಬಿಡಿಸಿದಾಗ, ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಅದನ್ನು ಓದಿ ಅತ್ತವರು ನನಗೆ ಗೊತ್ತು. ನನಗೂ ಕಣ್ಣು ತುಂಬಿತ್ತು. ಆದರೆ ನನ್ನ ಸಹೋದ್ಯೋಗಿಯನ್ನು ಶಾಲೆಯ ಶೌಚಾಲಯದಲ್ಲಿ ಹಿಡಿದು ಹೊಡೆದದ್ದು ಇತಿಹಾಸವಲ್ಲ, ಅವರದೇ ತರಗತಿಯ ಹುಡುಗರು. ಅವರಲ್ಲಿ ಒಬ್ಬರೂ ಇವತ್ತಿನವರೆಗೆ ಬಂದು ಕೇಳಿಲ್ಲ.

ಪುಟವನ್ನು ಪೂರ್ತಿ ತಿದ್ದಿ ಬರೆದೆ. ಜಾಲ್ ಮತ್ತು ಅವನ ಗೆಳೆಯರು ಬೋಗರ್‌ನನ್ನು ಹೊಡೆದರು. ಜಾಲ್ ಒದ್ದ. ವರ್ಷಗಳ ಮೇಲೆ, ತನ್ನ ಪುಟ್ಟ ಮಗ ಅಂಗಡಿಯಲ್ಲಿ ಕಪ್ಪು ಮನುಷ್ಯನೊಬ್ಬನನ್ನು ಕಂಡು ಬೈಗುಳದ ಪದ ಆಡಿದಾಗ, ಆ ವಿಷ ತಾನೇ ಕುಡಿಸಿದ್ದು ಎಂದು ಅವನಿಗೆ ಅರಿವಾಯಿತು. ಬೋಗರ್ ಕೂಡಲೇ ಕ್ಷಮಿಸಲಿಲ್ಲ, ಅದಕ್ಕೆ ಸಮಯ ಹಿಡಿಯಿತು. ಆಮೇಲೆ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತು ತಮ್ಮ ಕತೆ ಹೇಳತೊಡಗಿದರು. ಹೀಗೆ ಬರೆದಾಗ ಕ್ಷಮೆಯ ಭಾಗ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಏನನ್ನು ಕ್ಷಮಿಸಿದ್ದು ಎಂದು ಗೊತ್ತಾಗದೆ ಅದರ ತೂಕ ಹೇಗೆ ತಿಳಿಯಬೇಕು?

ತರಬೇತಿಯಲ್ಲಿ ಇನ್ನೊಂದನ್ನೂ ಕೈಬಿಟ್ಟೆ. ಮೊದಲು ಇಂಥ ಚಿತ್ರ ಮುಗಿದ ಕೂಡಲೇ "ನೀವಾಗಿದ್ದರೆ ಕ್ಷಮಿಸುತ್ತಿದ್ದಿರಾ?" ಎಂದು ಕೇಳುತ್ತಿದ್ದೆ. ಪೆಟ್ಟು ತಿಂದು ಕೂತವರು ಆ ಕೋಣೆಯಲ್ಲೇ ಇದ್ದರೆ, ಆ ಪ್ರಶ್ನೆ ಅವರ ಮೇಲೆ ಇನ್ನೊಂದು ಹೊರೆ. ಈಗ ಕೇಳುವುದು ಇಷ್ಟೇ: "ನಿಮ್ಮ ಹಾಸ್ಟೆಲ್‌ನಲ್ಲಿ ಯಾರು ಯಾರಿಗೆ ಏನು ಮಾಡಿದರು? ನೀವು ರಿಜಿಸ್ಟರ್‌ನಲ್ಲಿ ಏನು ಬರೆದಿರಿ?"

ಚಿತ್ರ ತೋರಿಸಿದ ದಿನ ಊಟದ ಹೊತ್ತಿಗೆ ವಾರ್ಡನ್ ಒಬ್ಬರು ನಮ್ಮಿಬ್ಬರನ್ನೂ ಹೊರಗೆ ಕರೆದರು. ಮೂರು ವರ್ಷದ ಹಿಂದೆ ಅವರ ಹಾಸ್ಟೆಲ್‌ನಲ್ಲಿ ನಾಲ್ವರು ಸೇರಿ ಒಬ್ಬ ಹುಡುಗನನ್ನು ಹೊಡೆದಿದ್ದರಂತೆ. ಇವರು 'ಪರಸ್ಪರ ಜಗಳ, ರಾಜಿಯಾಗಿದೆ' ಎಂದು ಬರೆದು ಐವರಿಂದಲೂ ಸಹಿ ಹಾಕಿಸಿದ್ದರು. ಹುಡುಗ ವಾರದಲ್ಲೇ ಗಂಟು ಕಟ್ಟಿಕೊಂಡು ಹೋಗಿದ್ದ. "ನಾಳೆನೇ ಅವನ ಊರಿಗೆ ಹೋಗಿ ಕ್ಷಮೆ ಕೇಳ್ತೀನಿ ಸರ್," ಎಂದರು. ನಾನು ಹೋಗಿ ಬನ್ನಿ ಎನ್ನುವವನಿದ್ದೆ. ನನ್ನ ಸಹೋದ್ಯೋಗಿ ತಡೆದರು. "ಮನೆಯವರು ಯಾಕೆ ಬಂದ್ರಿ ಅಂತ ಕೇಳಿದ್ರೆ ಏನು ಹೇಳ್ತೀರಿ? ಅವನ ವಿಷಯ ಅವರಿಗೆ ಗೊತ್ತಾ? ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಹೋಗಿ ಅವನನ್ನ ಮನೆಯಿಂದಾಚೆ ಹಾಕಿಸಬೇಡಿ."

ಹುಡುಗ ಈಗ ಬೇರೆ ಊರಿನ ಕಾಲೇಜಿನಲ್ಲಿದ್ದಾನೆ, ನಂಬರ್ ಇತ್ತು. ವಾರ್ಡನ್ ಮೆಟ್ಟಿಲ ಮೇಲೆ ಕೂತು ಮೆಸೇಜ್ ಬರೆದರು. ಯಾಕೆ ಹೊಡೆದರು ಎಂಬುದು ಅದರಲ್ಲಿರಲಿಲ್ಲ, ಬೇರೆಯವರ ಕಣ್ಣಿಗೆ ಬಿದ್ದರೂ ಅಪಾಯವಾಗಬಾರದಲ್ಲ. ಮೊದಲು 'ಅವತ್ತು ತಪ್ಪಾಯ್ತಪ್ಪ' ಎಂದಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಒಂದೊಂದೇ ಅಕ್ಷರ ಅಳಿಸಿ, 'ಅವತ್ತು ನಾನು ಸುಳ್ಳು ಬರೆದೆ. ನಾನು ತಪ್ಪು ಮಾಡಿದೆ' ಎಂದು ಒತ್ತಿದರು. ನೀಲಿ ಗೆರೆ ಎರಡೂ ಮೂಡಿದವು. ಉತ್ತರ ಬಂದಿಲ್ಲ. ನೀನು ಉತ್ತರ ಕೊಡಬೇಕೆಂದೇನೂ ಇಲ್ಲ ಎಂದು ಕೊನೆಯ ಸಾಲಿನಲ್ಲಿ ಅವರೇ ಬರೆದಿದ್ದರು.