ಸಿಂಹಕ್ಕೆ ಸಾಲದ ಬಟ್ಟೆ

ಮದೀನಾಕ್ಕೆ ಹೋದವರು ಉಹುದ್ ನೋಡದೆ ವಾಪಸ್ ಬರುವುದಿಲ್ಲ. ಪ್ರವಾದಿಯವರ (ಸ) ಮಸೀದಿಯಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್, ಅಷ್ಟೇ. ಕೆಂಪುಗಂದು ಬಣ್ಣದ ಉದ್ದನೆಯ ಬೆಟ್ಟ. "ಇದು ನಮ್ಮನ್ನು ಪ್ರೀತಿಸುತ್ತದೆ, ನಾವೂ ಇದನ್ನು ಪ್ರೀತಿಸುತ್ತೇವೆ" ಎಂದು ಪ್ರವಾದಿ (ಸ) ಹೇಳಿದ್ದು ಈ ಬೆಟ್ಟದ ಬಗ್ಗೆಯೇ. ಬೆಳಗಾದರೆ ಸಾಕು, ಪುಣ್ಯಸ್ಥಳ ತೋರಿಸುವ ಝಿಯಾರತ್ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಉಮ್ರಾಕ್ಕೆ ಬಂದ ನಮ್ಮ ಕರ್ನಾಟಕದವರ ಗುಂಪೂ ಅದರಲ್ಲಿ ಇರುತ್ತದೆ. ಪಕ್ಕದಲ್ಲಿ ಖರ್ಜೂರ, ತಸ್ಬೀಹ್, ಒಣ ಗಿಡಮೂಲಿಕೆ ಮಾರುವವರ ಕೂಗಾಟ.

ಬೆಟ್ಟದ ಎದುರಿಗೆ ಒಂದು ಗೋಡೆ, ಅದಕ್ಕೆ ಕಂಬಿ. ಒಳಗೆ ಬರೀ ಬಯಲು. ಕಲ್ಲು ಜೋಡಿಸಿ ಗುರುತು ಮಾಡಿದ ಗೋರಿಗಳು, ಉಹುದ್ ಯುದ್ಧದಲ್ಲಿ ಮಡಿದವರದು. ಗುಂಬಜ್ ಇಲ್ಲ, ಚಾದರ್ ಇಲ್ಲ, ಹೂವಿಲ್ಲ, ಊದುಬತ್ತಿ ಇಲ್ಲ. ಹಿಂದೆ ಇಲ್ಲೂ ಒಂದು ಗುಂಬಜ್ ಇತ್ತು, 1920ರ ದಶಕದಲ್ಲಿ ಕೆಡವಿದರು. ದರ್ಗಾಗಳ ನಡುವೆ ಬೆಳೆದ ನನ್ನಂಥವನಿಗೆ ಮೊದಲು ಕಣ್ಣಿಗೆ ಹೊಡೆಯುವುದು ಈ ಖಾಲಿತನವೇ. ಕಂಬಿ ಹಿಡಿದು ಜನ ಸಲಾಂ ಹೇಳುತ್ತಾರೆ: "ಅಸ್ಸಲಾಮು ಅಲೈಕ ಯಾ ಸಯ್ಯಿದಶ್ಶುಹದಾ, ಯಾ ಅಸದಲ್ಲಾಹ್." ಹುತಾತ್ಮರ ನಾಯಕನೇ, ಅಲ್ಲಾಹನ ಸಿಂಹವೇ, ನಿಮಗೆ ಸಲಾಂ.

ಆ ಸಿಂಹ ಹಂಝಾ (ರ). ಪ್ರವಾದಿಯವರ ಚಿಕ್ಕಪ್ಪ, ಜೊತೆಗೆ ಒಂದೇ ದಾದಿಯ ಹಾಲು ಕುಡಿದ ಸಹೋದರ. ಬೇಟೆ ಅಂದರೆ ಪ್ರಾಣ. ಮಕ್ಕಾದಲ್ಲಿ ಒಂದು ದಿನ ಬೇಟೆ ಮುಗಿಸಿ ಬಿಲ್ಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಕಡುವಿರೋಧಿ ಅಬೂ ಜಹಲ್ ಪ್ರವಾದಿಯವರನ್ನು ಬಾಯಿಗೆ ಬಂದಂತೆ ಬೈದ ಸುದ್ದಿ ಒಬ್ಬ ಹೆಣ್ಣಾಳು ಹೇಳಿದಳು. ಸೀದಾ ಕಅಬಾ ಹತ್ತಿರ ಹೋಗಿ, ತನ್ನವರ ನಡುವೆ ಕೂತಿದ್ದ ಅಬೂ ಜಹಲ್‌ನ ತಲೆಗೆ ಅದೇ ಬಿಲ್ಲಿನಿಂದ ಬಾರಿಸಿದರು. "ನಾನೂ ಅವನ ಧರ್ಮದಲ್ಲೇ ಇದ್ದೇನೆ, ಏನು ಮಾಡ್ತೀಯ?" ಎಂದರು. ಸಿಟ್ಟಿನಲ್ಲಿ ಬಂದ ಮಾತು ಅದು. ಆದರೆ ಆ ಮಾತಿನಿಂದ ಅವರು ಹಿಂದೆ ಸರಿಯಲಿಲ್ಲ. ಬದ್ರ್ ಯುದ್ಧಕ್ಕೆ ಎದೆಯ ಮೇಲೆ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿಕೊಂಡು ಬಂದಿದ್ದರಂತೆ. ಶತ್ರುಗಳಿಗೆ ದೂರದಿಂದಲೇ ಗೊತ್ತಾಗಲಿ ಅಂತ.

ಹಿಜ್ರಿ 3, ಅಂದರೆ ಕ್ರಿ.ಶ. 625. ಮಕ್ಕಾದಿಂದ ಪ್ರವಾದಿಯವರ ವಿರೋಧಿಗಳಾದ ಖುರೈಷ್ ಕುಲದವರ 3000 ಜನರ ಸೈನ್ಯ ಈ ಬೆಟ್ಟದ ಬುಡಕ್ಕೆ ಬಂತು. ಪ್ರವಾದಿಯವರ ಕಡೆ ಉಳಿದವರು 700 ಜನ. ಎದುರಿಗೆ ಒಂದು ಸಣ್ಣ ಗುಡ್ಡ ಇದೆ, ಈಗ ಎಲ್ಲರೂ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ 50 ಬಿಲ್ಗಾರರನ್ನು ನಿಲ್ಲಿಸಿ, ಏನೇ ಆದರೂ ಜಾಗ ಬಿಡಬೇಡಿ ಎಂದಿದ್ದರು ಪ್ರವಾದಿ (ಸ). ಗೆದ್ದೆವು ಅಂದುಕೊಂಡು ಹೆಚ್ಚಿನವರು ಇಳಿದುಬಿಟ್ಟರು. ಖುರೈಷರ ಕುದುರೆ ಸವಾರರು ಹಿಂದಿನಿಂದ ಸುತ್ತಿ ಬಂದು ಬಿದ್ದರು. ಅವರ ಮುಂದಾಳು ಯಾರು ಗೊತ್ತಾ? ಖಾಲಿದ್ ಬಿನ್ ವಲೀದ್. ಅದೇ ಖಾಲಿದ್, ಮುಂದೆ ಇಸ್ಲಾಂ ಸ್ವೀಕರಿಸಿ, 629ರ ಮುಅ್ತಾ ಯುದ್ಧದಲ್ಲಿ ಮೂವರು ಸೇನಾಪತಿಗಳು ಒಬ್ಬರ ಹಿಂದೆ ಒಬ್ಬರು ಬಿದ್ದ ಮೇಲೆ ಸೈನ್ಯವನ್ನು ಉಳಿಸಿ ತಂದು, ಅಲ್ಲಾಹನ ಖಡ್ಗ ಎಂಬ ಬಿರುದು ಪಡೆದವರು. ಉಹುದ್‌ನಲ್ಲಿ ಇಷ್ಟು ನೋವು ಕೊಟ್ಟವರಿಗೆ ಅಂಥ ಬಿರುದು ಕೊಡಲು ಎಷ್ಟು ದೊಡ್ಡ ಮನಸ್ಸು ಬೇಕು, ಅಲ್ವಾ?

ಹಂಝಾರನ್ನು ಯಾರೂ ಎದುರಿಗೆ ನಿಂತು ಸೋಲಿಸಲಿಲ್ಲ. ವಹ್ಶಿ ಎಂಬ ಗುಲಾಮ ಬಂಡೆಯ ಮರೆಯಲ್ಲಿ ಕೂತು ಭರ್ಜಿ ಎಸೆದ. ಕೊಂದರೆ ಬಿಡುಗಡೆ ಎಂದು ಯಜಮಾನ ಮಾತು ಕೊಟ್ಟಿದ್ದ. ಸತ್ತ ಮೇಲೆ ಆ ದೇಹಕ್ಕೆ ಮಾಡಿದ್ದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ವಹ್ಶಿ ಕೂಡ ಮುಂದೆ ಇಸ್ಲಾಂಗೆ ಬಂದ. ಪ್ರವಾದಿ (ಸ) ಅವನನ್ನು ಒಳಗೆ ಸೇರಿಸಿಕೊಂಡರು. ಆದರೆ ಸಾಧ್ಯವಾದರೆ ನನ್ನ ಕಣ್ಣಿಗೆ ಬೀಳಬೇಡ ಎಂದರು. ಕ್ಷಮಿಸಿದರು, ಆದರೆ ನೋವನ್ನು ಮುಚ್ಚಿಡಲಿಲ್ಲ. ಹದೀಸ್‌ಗಳಲ್ಲಿ ನನಗೆ ಬಹಳ ಹತ್ತಿರವಾದ ಮಾತುಗಳಲ್ಲಿ ಇದೂ ಒಂದು.

ಯುದ್ಧ ಮುಗಿದ ಮೇಲೆ ಹಂಝಾರ ತಂಗಿ ಸಫಿಯ್ಯಾ (ರ) ಬಂದರು. ಅಣ್ಣನ ಸ್ಥಿತಿ ಆಕೆ ನೋಡದಿರಲಿ ಎಂದು ಮಗ ಝುಬೈರ್ ಅಡ್ಡ ಹೋದರು. ಆಕೆ ಗಟ್ಟಿಗಿತ್ತಿ, ಮಗನ ಎದೆಗೆ ಗುದ್ದಿ ದಾರಿ ಬಿಡು ಎಂದರು. ಇದು ಪ್ರವಾದಿಯವರ ಮಾತು ಅಂದಾಗ ಮಾತ್ರ ನಿಂತರು. ಸುಮ್ನೆ ಎರಡು ಬಟ್ಟೆ ತೆಗೆದು ಕೊಟ್ಟರು. ಅಣ್ಣನ ಕಫನ್‌ಗೆ, ಅಂದರೆ ಶವಕ್ಕೆ ಸುತ್ತಲು ಅಂತ ತಂದಿದ್ದು. ಝುಬೈರ್ ಅವನ್ನು ತೆಗೆದುಕೊಂಡು ಹೋದರೆ, ಹಂಝಾರ ಪಕ್ಕದಲ್ಲೇ ಇನ್ನೊಬ್ಬರ ಶವ. ಅವರು ಒಬ್ಬ ಅನ್ಸಾರಿ, ಅಂದರೆ ಪ್ರವಾದಿಯವರಿಗೆ ನೆರವಾಗಿ ನಿಂತ ಮದೀನಾದವರಲ್ಲಿ ಒಬ್ಬರು. ಅವರಿಗೂ ಅದೇ ಗತಿ ಆಗಿತ್ತು, ಹೊದಿಸಲು ಒಂದು ತುಂಡು ಬಟ್ಟೆ ಇರಲಿಲ್ಲ. ಹಂಝಾರಿಗೆ ಎರಡು, ಇವರಿಗೆ ಒಂದೂ ಇಲ್ಲ ಅಂದರೆ ನಮಗೇ ನಾಚಿಕೆ ಅನಿಸಿತು ಎನ್ನುತ್ತಾರೆ ಝುಬೈರ್. ಒಬ್ಬೊಬ್ಬರಿಗೆ ಒಂದೊಂದು ಎಂದು ತೀರ್ಮಾನವಾಯಿತು. ಅದರಲ್ಲೂ ಒಂದು ಬಟ್ಟೆ ದೊಡ್ಡದು, ಒಂದು ಚಿಕ್ಕದು. ಚೀಟಿ ಎತ್ತಿದರು. ಯಾರ ಪಾಲಿಗೆ ಯಾವುದು ಬಂತೋ ಅದರಲ್ಲೇ ಸುತ್ತಿದರು.

ಹಂಝಾರ ಬಟ್ಟೆ ಸಾಲಲಿಲ್ಲ. ತಲೆಗೆ ಎಳೆದರೆ ಕಾಲು ಕಾಣುತ್ತಿತ್ತು, ಕಾಲಿಗೆ ಎಳೆದರೆ ತಲೆ. ಕೊನೆಗೆ ತಲೆ ಮುಚ್ಚಿ, ಪಾದದ ಮೇಲೆ ಇಝ್‌ಖಿರ್ ಎಂಬ ಪರಿಮಳದ ಹುಲ್ಲು ಹರಡಿದರು. ಪ್ರವಾದಿ (ಸ) ಊರಿಗೆ ಮರಳುವಾಗ ಅನ್ಸಾರರ ಮನೆಗಳಲ್ಲಿ ಹೆಂಗಸರು ತಮ್ಮ ತಮ್ಮವರಿಗಾಗಿ ಅಳುತ್ತಿದ್ದರು. "ಹಂಝಾಗೆ ಮಾತ್ರ ಅಳುವವರೇ ಇಲ್ಲ" ಎಂದರು ಪ್ರವಾದಿ (ಸ).

ನಮ್ಮಲ್ಲಿ ಬೈಕಿನ ಹಿಂದೆ, ಅಂಗಡಿಯ ಕ್ಯಾಲೆಂಡರ್ ಮೇಲೆ ಬಾಯಿ ತೆರೆದ ಸಿಂಹದ ಚಿತ್ರ ಹಾಕಿ ಕೆಳಗೆ ಅಸದುಲ್ಲಾಹ್ ಅಂತ ಬರೆಸುತ್ತಾರೆ. ನನಗೆ ಆ ಬಾಯಿ ಜಾಸ್ತಿ ಅನಿಸುತ್ತದೆ. ಪ್ರವಾದಿಯವರ ಇನ್ನೊಬ್ಬ ಸಂಗಾತಿ ಅಬೂ ಖತಾದಾ (ರ) ಅವರನ್ನೇ ನೋಡಿ. 630ರ ಹುನೈನ್ ಯುದ್ಧದಲ್ಲಿ ಅವರು ಕೊಂದ ಶತ್ರುವಿನ ಕವಚವನ್ನು ಬೇರೆಯವನು ಇಟ್ಟುಕೊಳ್ಳಲು ಹೊರಟಾಗ, ಅಲ್ಲಾಹನ ಸಿಂಹಗಳಲ್ಲಿ ಒಬ್ಬನ ಪಾಲು ಕಿತ್ತು ನಿನಗೆ ಕೊಡಬೇಕಾ ಎಂದು ತಡೆದವರು ಅಬೂಬಕರ್ (ರ). ಕವಚ ಸಿಕ್ಕಿತು. ಆ ಸಿಂಹ ಅದನ್ನು ಮಾರಿ ಒಂದು ತೋಟ ಕೊಂಡುಕೊಂಡರು!

ಇನ್ನು ಪ್ರವಾದಿಯವರ ಅಳಿಯ ಅಲೀ (ರ). ನಮ್ಮ ಉತ್ತರ ಕರ್ನಾಟಕದಲ್ಲಿ ಸಿಂಹ ಅಂದರೆ ಮೊದಲು ಅವರೇ, ಶೇರ್-ಎ-ಖುದಾ, ದೇವರ ಸಿಂಹ. ಹೈದರ್, ಅಂದರೆ ಸಿಂಹ, ಎಂದು ಹೆಸರಿಟ್ಟದ್ದು ತಾಯಿ. 628ರಲ್ಲಿ ಖೈಬರ್ ಕೋಟೆಯ ಮುಂದೆ ಅಲ್ಲಿನ ವೀರ ಮರ್ಹಬ್ ತನ್ನ ಪರಾಕ್ರಮ ಹಾಡಿಕೊಂಡು ಬಂದಾಗ, ನನ್ನ ತಾಯಿ ಹೈದರ್ ಎಂದು ಕರೆದವನು ನಾನು, ಕಾಡಿನ ಸಿಂಹದ ಹಾಗೆ ಎಂದು ಉತ್ತರ ಕೊಟ್ಟರು. ಅಂದು ಅವರಿಗೆ ಕಣ್ಣು ಬೇನೆ. ಧ್ವಜ ಕೈಗಿಟ್ಟು ಪ್ರವಾದಿ (ಸ) ಹೇಳಿದ್ದು ಇಷ್ಟು: ಮೊದಲು ಕೋಟೆಯವರನ್ನು ಇಸ್ಲಾಂಗೆ ಕರೆ, ತಿಳಿಸಿ ಹೇಳು, ನಿನ್ನಿಂದ ಒಬ್ಬನೇ ಒಬ್ಬ ದಾರಿಗೆ ಬಂದರೂ ಅದು ಕೆಂಪು ಒಂಟೆಗಳಿಗಿಂತ ಮೇಲು. ಕೆಂಪು ಒಂಟೆ ಅಂದರೆ ಅರಬರಿಗೆ ಆಸ್ತಿಯಲ್ಲೆಲ್ಲ ದೊಡ್ಡ ಆಸ್ತಿ.

ಆ ಸಿಂಹ ನಮ್ಮ ನಾಡಿಗೆ ಬರುವಷ್ಟರಲ್ಲಿ ಹುಲಿಯಾಯಿತು. ಟಿಪ್ಪು ಸುಲ್ತಾನನ ಆಯುಧಗಳ ಮೇಲೆ ಹುಲಿಮುಖದ ಒಂದು ಚಿತ್ರ ಇದೆ. ಹತ್ತಿರದಿಂದ ನೋಡಿದರೆ ಅದು ಅಕ್ಷರ: "ಅಸದುಲ್ಲಾಹಿಲ್ ಗಾಲಿಬ್", ಅಲ್ಲಾಹನ ಸಿಂಹವೇ ವಿಜಯಿ. ಅವನ ತಂದೆಯ ಹೆಸರೇ ಹೈದರ್ ಅಲಿ. ಇನ್ನು ಮೊಹರಂ ಬಂದರೆ ಹರಕೆ ಹೊತ್ತವರು ಮೈಗೆಲ್ಲ ಹಳದಿ ಬಳಿದು, ಕಪ್ಪು ಪಟ್ಟೆ ಎಳೆಸಿಕೊಂಡು ಹುಲಿಯಾಗಿ ಹಲಗೆಯ ಏಟಿಗೆ ಕುಣಿಯುತ್ತಾರೆ. ಮುಸ್ಲಿಮರಿಗಿಂತ ಬೇರೆಯವರೇ ಜಾಸ್ತಿ. ಕೈಯಾಕಾರದ ಪಂಜಾ ಎದುರು ಸಕ್ಕರೆ ಓದಿಸುತ್ತಾರೆ, ಮನೆಯಲ್ಲಿ ಚೋಂಗೆ ಎಂಬ ಸಿಹಿ ಮಾಡುತ್ತಾರೆ. ಇದೆಲ್ಲ ಸರಿಯಲ್ಲ ಎನ್ನುವವರು ನಮ್ಮಲ್ಲೇ ಇದ್ದಾರೆ. ವಾದಕ್ಕೆ ನಾನು ಹೋಗುವುದಿಲ್ಲ. ಬಣ್ಣ ಬಳಿಸಿಕೊಳ್ಳುವ ಮುಂಚೆ ಅವರು ಹಿಡಿಯುವ ನೇಮ ನೋಡಿದ್ದೇನೆ, ನನಗೆ ಅಷ್ಟು ಸಾಕು.

ಉಮ್ರಾ ಮುಗಿಸಿ ಬಂದ ಮೇಲೆ ಮೊಹರಂ ಪದ ಹಾಡುವ ನಮ್ಮೂರಿನ ರಿವಾಯತ್ ಮೇಳದವರ ಹತ್ತಿರ ಈ ಎರಡು ಬಟ್ಟೆಯ ಕಥೆ ಹೇಳಿದೆ. ಅವರ ಬಾಯಲ್ಲಿ ಹುಸೇನರು ಮಡಿದ ಕರ್ಬಲಾದ ಪದಗಳಿಗೆ ಲೆಕ್ಕವಿಲ್ಲ. ಹಂಝಾರ ಮೇಲೆ ಒಂದೂ ಇಲ್ಲ. ಮೇಳದ ಹಿರಿಯರು ಲಿಂಗಾಯತರು, ಹಸೇನ್ ಹುಸೇನರ ಪದ ಹಾಡುತ್ತಲೇ ಮುದುಕರಾದವರು. ಬಟ್ಟೆಯ ಭಾಗ ಮತ್ತೊಮ್ಮೆ ಹೇಳಿಸಿದರು, ಹುಲ್ಲಿನದೂ ಮತ್ತೊಮ್ಮೆ ಹೇಳಿಸಿದರು. ಆಮೇಲೆ ಎಲೆ ಅಡಿಕೆ ಬದಿಗಿಟ್ಟು, "ಹಂಗಾದ್ರ ದೊಡ್ಡ ಅರಿವಿ ಆ ಇನ್ನೊಬ್ಬಗ ಹೋತು ನೋಡ್ರಿ" ಅಂದರು. ಪದ ಅಲ್ಲಿಂದಲೇ ಶುರು ಮಾಡುತ್ತಾರಂತೆ.